‘ಅನ್‌ಲಿಮಿಟೆಡ್ ಕರೆ’ ನಿಜವಾಗಿ ಉಚಿತವೇ? ಮೊಬೈಲ್ ಕಂಪನಿಗಳ ಪೈಪೋಟಿಯಲ್ಲೊಂದು ಅರ್ಥಶಾಸ್ತ್ರ ಪಾಠ



ದ್ವಿತೀಯ ಪಿಯುಸಿ ತರಗತಿಯಲ್ಲಿ ಮಾರುಕಟ್ಟೆಯ ಸ್ವರೂಪಗಳ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು. “ಸರ್, ನಮ್ಮ ದಾದಿಮಾ ಹತ್ತಿರ ಇರೋದು ಕೀಪ್ಯಾಡ್ ಫೋನ್. ದಿನಕ್ಕೆ ಐದು ನಿಮಿಷ ಮಾತಾಡಿದರೆ ಹೆಚ್ಚು. ನೆಟ್ ಅಂತೂ ಗೊತ್ತೇ ಇಲ್ಲ. ಆದರೂ ಅವರ ಸಿಮ್‌ಗೆ ನಾವು ಅನ್‌ಲಿಮಿಟೆಡ್ ಪ್ಯಾಕ್ ಹಾಕಿಸಬೇಕು. ಕರೆ ಫ್ರೀ ಅಂತಾರೆ. ಹಾಗಾದರೆ ನಾವು ದುಡ್ಡು ಕೊಡ್ತಿರೋದು ಯಾವುದಕ್ಕೆ?”

ತರಗತಿ ನಕ್ಕಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಆದರೆ ಆ ಪ್ರಶ್ನೆ ನಗುವಂಥದ್ದಲ್ಲ. ನಮ್ಮ ಪಠ್ಯಪುಸ್ತಕದ ಸ್ಥಿರ ವೆಚ್ಚ, ಸೀಮಾಂತ ವೆಚ್ಚ, ಪೈಪೋಟಿ, ಅಲ್ಪಸ್ವಾಮ್ಯ ಎಲ್ಲವೂ ಆ ಅಜ್ಜಿಯ ಕೀಪ್ಯಾಡ್ ಫೋನಿನೊಳಗೆ ಕುಳಿತಿವೆ. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ನಿಮಿಷಕ್ಕೆ ಹದಿನಾರು ರೂಪಾಯಿಯ ಕಾಲ

1995ರ ಜುಲೈ 31ರಂದು ಭಾರತದ ಮೊದಲ ಮೊಬೈಲ್ ಕರೆ ಹೋಯಿತು. ಕೋಲ್ಕತ್ತದಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಂದಿಗೆ ಮಾತನಾಡಿದರು. ಆಗಿನ ದರ, ಹೆಚ್ಚು ಬೇಡಿಕೆಯ ಸಮಯದಲ್ಲಿ ನಿಮಿಷಕ್ಕೆ ಸುಮಾರು 16 ರೂಪಾಯಿ. ಕರೆ ಮಾಡಿದವರಷ್ಟೇ ಅಲ್ಲ, ಕರೆ ಸ್ವೀಕರಿಸಿದವರೂ ಹಣ ಕೊಡಬೇಕಿತ್ತು. ಒಳಬರುವ ಕರೆಗಳು ಉಚಿತವಾದದ್ದು 2003ರಲ್ಲಿ, ‘ಕರೆ ಮಾಡಿದವರೇ ಹಣ ಕೊಡಬೇಕು’ ಎಂಬ ನಿಯಮ ಬಂದ ಮೇಲೆ.

ದರ ಇಳಿದ ಪ್ರತಿ ಹಂತದಲ್ಲೂ ಒಬ್ಬ ಹೊಸ ಸ್ಪರ್ಧಿ ಕಾಣಿಸುತ್ತಾನೆ. 2003ರಲ್ಲಿ ರಿಲಯನ್ಸ್ ಇನ್ಫೋಕಾಮ್ 501 ರೂಪಾಯಿ ಮೊದಲ ಕಂತಿಗೆ ಹ್ಯಾಂಡ್‌ಸೆಟ್ ಕೊಟ್ಟು ಸಾಮಾನ್ಯ ಜನರ ಕೈಗೆ ಮೊಬೈಲ್ ತಲುಪಿಸಿತು. 2009ರಲ್ಲಿ ಟಾಟಾ ಡೊಕೊಮೊ ‘ಸೆಕೆಂಡಿಗೆ ಒಂದು ಪೈಸೆ’ ಎಂದಿತು. ಅದಕ್ಕೂ ಮೊದಲು ಹತ್ತು ಸೆಕೆಂಡ್ ಮಾತಾಡಿದರೂ ಇಡೀ ನಿಮಿಷದ ದುಡ್ಡು ಕಡಿತವಾಗುತ್ತಿತ್ತು. ಡೊಕೊಮೊ ಹಾದಿಯನ್ನು ಉಳಿದವರೂ ಬೇಗನೆ ಹಿಡಿಯಬೇಕಾಯಿತು. 2011ರ ಜನವರಿಯಲ್ಲಿ ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ದೇಶಾದ್ಯಂತ ಬಂತು. ಗ್ರಾಹಕನಿಗೆ ಬಾಗಿಲು ತೆರೆದಿತ್ತು. ಕಂಪನಿಗಳಿಗೆ ನಿದ್ದೆ ಕಡಿಮೆಯಾಯಿತು.

ಆ ಕಾಲದಲ್ಲಿ ನಾವೆಲ್ಲ ಮಿಸ್ಡ್ ಕಾಲ್ ಪಂಡಿತರಾಗಿದ್ದೆವು. ಒಂದು ರಿಂಗ್ ಎಂದರೆ ‘ಬಸ್ ಇಳಿದೆ’, ಎರಡು ರಿಂಗ್ ಎಂದರೆ ‘ನೀನೇ ಫೋನ್ ಮಾಡು’. ಅಂಗಡಿಗೆ ಹೋಗಿ ಹತ್ತು ರೂಪಾಯಿ ‘ಕರೆನ್ಸಿ’ ಹಾಕಿಸಿ ವಾರ ದೂಡುತ್ತಿದ್ದೆವು. ಬೆಲೆ ಜನರ ನಡವಳಿಕೆಯನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ.

ಇನ್ನೊಂದು ನಿಮಿಷದ ವೆಚ್ಚ ಎಷ್ಟು?

ಈಗ ಪಠ್ಯಕ್ಕೆ ಬರೋಣ. ಮೊಬೈಲ್ ಕಂಪನಿಯ ದೊಡ್ಡ ಖರ್ಚು ಯಾವುದು? ಸರ್ಕಾರದ ಹರಾಜಿನಲ್ಲಿ ಕೊಳ್ಳುವ ತರಂಗಾಂತರ, ಟವರ್‌ಗಳು, ನೆಲದಡಿಯ ಫೈಬರ್ ಕೇಬಲ್, ಡೀಸೆಲ್ ಮತ್ತು ವಿದ್ಯುತ್, ಸಾಲದ ಬಡ್ಡಿ. ಇವೆಲ್ಲ ನೀವು ಮಾತಾಡಿದರೂ ಇದ್ದೇ ಇರುತ್ತವೆ, ಮಾತಾಡದಿದ್ದರೂ ಇರುತ್ತವೆ. ಇವುಗಳಲ್ಲಿ ಹೆಚ್ಚಿನ ಪಾಲು ಸ್ಥಿರ ವೆಚ್ಚ.

ಟವರ್ ನಿಂತ ಮೇಲೆ ನೀವು ಇನ್ನೊಂದು ನಿಮಿಷ ಮಾತಾಡಿದರೆ ಕಂಪನಿಗೆ ಎಷ್ಟು ಹೆಚ್ಚುವರಿ ಖರ್ಚು? ಹೆಚ್ಚುಕಡಿಮೆ ಸೊನ್ನೆ. ಇದೇ ಸೀಮಾಂತ ವೆಚ್ಚ. 4ಜಿ ಜಾಲದಲ್ಲಿ ಧ್ವನಿಯೂ ಡೇಟಾ ರೂಪದಲ್ಲೇ ಹೋಗುತ್ತದೆ. ಒಂದು ನಿಮಿಷದ ಮಾತಿಗೆ ಒಂದು ಎಂಬಿಗಿಂತಲೂ ಕಡಿಮೆ ಸಾಕು. ಅಷ್ಟೇ ಹೊತ್ತಿನ ವಿಡಿಯೊಗೆ ಅದರ ಹಲವು ಪಟ್ಟು ಬೇಕು. ಒಂದು ಎಚ್ಚರಿಕೆ: ಎಲ್ಲರೂ ಒಮ್ಮೆಲೇ ಕರೆ ಮಾಡುವ ಹೊತ್ತಿನಲ್ಲಿ ಜಾಲ ತುಂಬಿದರೆ ಆ ವೆಚ್ಚ ಸೊನ್ನೆಯಲ್ಲ. ಹಬ್ಬದ ದಿನ ಕರೆ ಸಿಗದೇ ಪರದಾಡಿದವರಿಗೆ ಇದು ಗೊತ್ತು.

ಪೈಪೋಟಿ ಜೋರಾದಷ್ಟೂ ಬೆಲೆ ಸೀಮಾಂತ ವೆಚ್ಚದ ಕಡೆಗೆ ಜಾರುತ್ತದೆ ಎಂದು ನೀವು ಓದಿದ್ದೀರಿ. ಸೀಮಾಂತ ವೆಚ್ಚವೇ ಸೊನ್ನೆಯ ಹತ್ತಿರ ಇದ್ದರೆ ನಿಮಿಷದ ಬೆಲೆಯೂ ಸೊನ್ನೆಯ ಕಡೆಗೇ ಹೋಗಬೇಕು. ಆದರೆ ನಿಮಿಷಕ್ಕೆ ಸೊನ್ನೆ ಬೆಲೆ ಇಟ್ಟರೆ ಟವರಿನ ಖರ್ಚು ಎಲ್ಲಿಂದ ಬರಬೇಕು? ಕಂಪನಿಗಳು ಕಂಡುಕೊಂಡ ದಾರಿ: ಪ್ರವೇಶಕ್ಕೆ ಒಂದು ಶುಲ್ಕ, ಬಳಕೆಗೆ ಶುಲ್ಕವಿಲ್ಲ.

ನಿಮ್ಮ ಬಸ್ ಪಾಸ್ ನೆನಪಿಸಿಕೊಳ್ಳಿ. ಪಾಸ್ ಕೈಗೆ ಬಂದ ಮೇಲೆ ಪ್ರತಿ ಪ್ರಯಾಣ ‘ಉಚಿತ’. ಆದರೆ ಪಾಸ್ ಉಚಿತವಲ್ಲ. ದಿನಾ ಕಾಲೇಜಿಗೆ ಬರುವವರಿಗೆ ಅದು ಲಾಭ. ತಿಂಗಳಿಗೆ ಎರಡೇ ಬಾರಿ ಬಸ್ ಹತ್ತುವವರಿಗೆ ನಷ್ಟ. ಅನ್‌ಲಿಮಿಟೆಡ್ ಪ್ಯಾಕ್ ಕೂಡ ಮಾತಿನ ಬಸ್ ಪಾಸ್.

ಬೇರೆ ಕಂಪನಿಯ ಅಂಗಳಕ್ಕೆ ಹೋಗುವ ಕರೆ

ಇಲ್ಲಿ ಒಂದು ತೊಡಕಿತ್ತು. ನೀವು ಒಂದು ಕಂಪನಿಯ ಸಿಮ್‌ನಿಂದ ಇನ್ನೊಂದು ಕಂಪನಿಯ ಸಿಮ್‌ಗೆ ಕರೆ ಮಾಡಿದಾಗ, ಕರೆಯನ್ನು ತಲುಪಿಸುವ ಕೆಲಸ ಎರಡನೆಯ ಕಂಪನಿಯದು. ಆ ಕೆಲಸಕ್ಕೆ ಮೊದಲ ಕಂಪನಿ ನಿಮಿಷಕ್ಕೆ ಇಂತಿಷ್ಟು ಎಂದು ಕೊಡಬೇಕಿತ್ತು. ಇದು ಅಂತರ್‌ಸಂಪರ್ಕ ಶುಲ್ಕ. ಇದನ್ನು ನಿಗದಿ ಮಾಡುವುದು 1997ರಲ್ಲಿ ಸ್ಥಾಪನೆಯಾದ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್. ಶುಲ್ಕ ಇಳಿದ ಬಗೆ ನೋಡಿ:

2009: ನಿಮಿಷಕ್ಕೆ 20 ಪೈಸೆ
2015: 14 ಪೈಸೆ
2017ರ ಅಕ್ಟೋಬರ್ 1ರಿಂದ: 6 ಪೈಸೆ
2021ರ ಜನವರಿ 1ರಿಂದ: ಸೊನ್ನೆ

ಈ ಶುಲ್ಕ ಇರುವವರೆಗೆ ಬೇರೆ ನೆಟ್‌ವರ್ಕ್‌ಗೆ ಹೋಗುವ ಪ್ರತಿ ನಿಮಿಷಕ್ಕೂ ಕಂಪನಿಯ ಕೈಯಿಂದ ನಿಜವಾದ ಹಣ ಹೋಗುತ್ತಿತ್ತು. ಆದ್ದರಿಂದಲೇ ಹಳೆಯ ಪ್ಯಾಕ್‌ಗಳು ‘ನಮ್ಮದೇ ನೆಟ್‌ವರ್ಕ್‌ಗೆ ಮಾತ್ರ ಉಚಿತ’ ಎನ್ನುತ್ತಿದ್ದವು. ಗೆಳೆಯರೆಲ್ಲ ಒಂದೇ ಕಂಪನಿಯ ಸಿಮ್ ಕೊಳ್ಳುತ್ತಿದ್ದುದಕ್ಕೂ ಇದೇ ಕಾರಣ.

2016ರ ಸೆಪ್ಟೆಂಬರ್

2016ರ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೋ ಸೇವೆ ಆರಂಭಿಸಿತು. ದೇಶದ ಯಾವ ನೆಟ್‌ವರ್ಕ್‌ಗಾದರೂ ಧ್ವನಿ ಕರೆ ಉಚಿತ, ಬೆಲೆ ಡೇಟಾಗೆ ಮಾತ್ರ ಎಂಬುದು ಅದರ ಘೋಷಣೆ. ಆರಂಭದಲ್ಲಿ ಡೇಟಾ ಕೂಡ ಉಚಿತ; ಆ ಕೊಡುಗೆ 2017ರ ಮಾರ್ಚ್ 31ರವರೆಗೆ ಮುಂದುವರಿಯಿತು. 2017ರ ಫೆಬ್ರವರಿಯಲ್ಲಿ, ಆರು ತಿಂಗಳು ತುಂಬುವ ಮೊದಲೇ, ಜಿಯೋ ಗ್ರಾಹಕರು ಹತ್ತು ಕೋಟಿ ದಾಟಿದರು.

ಅಂಗಳದ ಜಗಳ ಕೂಡಲೇ ಶುರುವಾಯಿತು. ಜಿಯೋದಿಂದ ಹೊರಟ ಕರೆಗಳು ಬೇರೆ ಕಂಪನಿಗಳಿಗೆ ಸಿಗುತ್ತಿರಲಿಲ್ಲ. ಹಳೆಯ ಕಂಪನಿಗಳು ಸಾಕಷ್ಟು ಸಂಪರ್ಕ ಕೊಂಡಿಗಳನ್ನು ಕೊಡುತ್ತಿಲ್ಲ ಎಂದು ಜಿಯೋ ದೂರಿತು. ಉಚಿತ ಕರೆಗಳ ಪ್ರವಾಹವೇ ತಮ್ಮ ಮೇಲೆ ಬಂದು ಬೀಳುತ್ತಿದೆ ಎಂದು ಹಳೆಯ ಕಂಪನಿಗಳು ಹೇಳಿದವು. ಅಕ್ಟೋಬರ್‌ನಲ್ಲಿ ಟ್ರಾಯ್, ಏರ್‌ಟೆಲ್, ವೊಡಾಫೋನ್ ಮತ್ತು ಐಡಿಯಾ ಕಂಪನಿಗಳಿಗೆ ಒಟ್ಟು 3,050 ಕೋಟಿ ರೂಪಾಯಿ ದಂಡ ವಿಧಿಸುವಂತೆ ಸರ್ಕಾರಕ್ಕೆ ಶಿಫಾರಸು ಮಾಡಿತು.

ಇನ್ನೊಂದು ದೂರು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋಯಿತು. ಎದುರಾಳಿಗಳನ್ನು ಮುಗಿಸಲೆಂದೇ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಜಿಯೋ ಮಾರುತ್ತಿದೆ ಎಂಬುದು ಏರ್‌ಟೆಲ್ ವಾದ. 2017ರ ಜೂನ್‌ನಲ್ಲಿ ಆಯೋಗ ಅದನ್ನು ಒಪ್ಪಲಿಲ್ಲ. ಮಾರುಕಟ್ಟೆಯಲ್ಲಿ ಪ್ರಾಬಲ್ಯವೇ ಇಲ್ಲದ ಹೊಸಬ, ಪ್ರಾಬಲ್ಯದ ದುರುಪಯೋಗ ಹೇಗೆ ಮಾಡಿಯಾನು ಎಂಬುದು ಅದರ ತರ್ಕದ ತಿರುಳು. ಪರೀಕ್ಷೆಗೆ ನೆನಪಿಡಬೇಕಾದ ಅಂಶ ಇದು: ಕಡಿಮೆ ಬೆಲೆ ತಾನಾಗಿಯೇ ತಪ್ಪಲ್ಲ. ಅದನ್ನು ಇಟ್ಟವರು ಮಾರುಕಟ್ಟೆಯಲ್ಲಿ ಎಷ್ಟು ಬಲಶಾಲಿಗಳು ಎಂಬುದೂ ಮುಖ್ಯ.

ಅನ್‌ಲಿಮಿಟೆಡ್‌ಗೂ ಒಂದು ಲಿಮಿಟ್

ಉಳಿದ ಕಂಪನಿಗಳೂ ಅನ್‌ಲಿಮಿಟೆಡ್ ಪ್ಯಾಕ್ ತಂದವು. ಆದರೆ ಸಣ್ಣ ಅಕ್ಷರದಲ್ಲಿ ಷರತ್ತುಗಳಿದ್ದವು. 2017ರ ಕೆಲವು ಪ್ಯಾಕ್‌ಗಳಲ್ಲಿ ದಿನಕ್ಕೆ 300 ನಿಮಿಷ ಎಂಬ ಮಿತಿ ಇತ್ತು. ಅದನ್ನು ‘ನ್ಯಾಯಯುತ ಬಳಕೆ’ ಎಂದು ಕರೆದರು.

2019ರಲ್ಲಿ ತಿರುವು ಬಂತು. ಸಂಪರ್ಕ ಶುಲ್ಕ ಇನ್ನೂ ಸೊನ್ನೆಯಾಗಿರಲಿಲ್ಲ. ಹಾಗಾಗಿ ‘ಕರೆ ಉಚಿತ’ ಎಂದಿದ್ದ ಜಿಯೋ, ಅಕ್ಟೋಬರ್‌ನಲ್ಲಿ ಬೇರೆ ನೆಟ್‌ವರ್ಕ್‌ಗೆ ಮಾಡುವ ಕರೆಗೆ ನಿಮಿಷಕ್ಕೆ 6 ಪೈಸೆ ವಸೂಲಿ ಶುರು ಮಾಡಿತು. ಅದೇ ಸಮಯದಲ್ಲಿ ಇನ್ನೊಂದು ವಿಚಿತ್ರ ಜಗಳ ನಡೆಯಿತು. ಫೋನ್ ಎಷ್ಟು ಹೊತ್ತು ರಿಂಗಾಗಬೇಕು? ಕಂಪನಿಗಳು ರಿಂಗಿನ ಅವಧಿಯನ್ನು 25 ಸೆಕೆಂಡಿಗೆ ಇಳಿಸಿದ್ದವು. ರಿಂಗ್ ಬೇಗ ನಿಂತರೆ ಅದು ಮಿಸ್ಡ್ ಕಾಲ್ ಆಗುತ್ತದೆ. ಆ ಕಡೆಯವರು ತಿರುಗಿ ಕರೆ ಮಾಡುತ್ತಾರೆ. ಆಗ ಸಂಪರ್ಕ ಶುಲ್ಕ ಕೊಡುವ ಸರದಿ ಅವರ ಕಂಪನಿಗೆ! ಕೊನೆಗೆ ಟ್ರಾಯ್ ಮಧ್ಯೆ ಬಂದು, ಮೊಬೈಲ್‌ಗೆ 30 ಸೆಕೆಂಡ್, ಸ್ಥಿರ ದೂರವಾಣಿಗೆ 60 ಸೆಕೆಂಡ್ ರಿಂಗ್ ಎಂದು ನಿಗದಿ ಮಾಡಿತು. ನಾವು ಹತ್ತು ರೂಪಾಯಿ ಉಳಿಸಲು ಆಡಿದ ಮಿಸ್ಡ್ ಕಾಲ್ ಆಟವನ್ನು ಸಾವಿರಾರು ಕೋಟಿಯ ಕಂಪನಿಗಳೂ ಆಡಿದ್ದವು.

ಅದೇ ಡಿಸೆಂಬರ್‌ನಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ತಮ್ಮ ಹೊಸ ಪ್ಯಾಕ್‌ಗಳಲ್ಲಿ ಬೇರೆ ನೆಟ್‌ವರ್ಕ್ ಕರೆಗೆ 28 ದಿನಕ್ಕೆ 1,000 ನಿಮಿಷ ಎಂಬ ಮಿತಿ ಹಾಕಿದವು. ಕೆಲವೇ ದಿನಗಳಲ್ಲಿ ಅದನ್ನು ಹಿಂದೆಗೆದುಕೊಂಡವು. ಗ್ರಾಹಕ ಕೈಬಿಟ್ಟು ಹೋದಾನೆಂಬ ಭಯ ಇರುವಲ್ಲಿ ಷರತ್ತುಗಳು ಬಹಳ ದಿನ ನಿಲ್ಲುವುದಿಲ್ಲ. ಪೈಪೋಟಿಯ ಬೆಲೆ ಇದು.

ಹತ್ತರಿಂದ ಮೂರಕ್ಕೆ

ಆದರೆ ಸ್ಪರ್ಧಿಗಳೇ ಕಡಿಮೆಯಾದರೆ? ನಮ್ಮ ದೇಶ 22 ದೂರಸಂಪರ್ಕ ವಲಯಗಳಾಗಿ ಹಂಚಿಹೋಗಿದೆ, ಕರ್ನಾಟಕ ಅವುಗಳಲ್ಲೊಂದು. 2010ರ ಆಸುಪಾಸಿನಲ್ಲಿ ಹಲವು ವಲಯಗಳಲ್ಲಿ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದವು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ‘ಸ್ಪೈಸ್’ ಸಿಮ್ ನೆನಪಿದೆಯೇ ಎಂದು. ಕರ್ನಾಟಕದಲ್ಲಿ ಮನೆಮಾತಾಗಿದ್ದ ಆ ಕಂಪನಿ 2008ರಲ್ಲೇ ಐಡಿಯಾ ಕೈ ಸೇರಿತು. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ 2ಜಿ ಹಂಚಿಕೆಯ 122 ಪರವಾನಗಿಗಳನ್ನು ರದ್ದು ಮಾಡಿತು. ಬಳಿಕ ಸಾಲ ಮತ್ತು ದರ ಸಮರ ಇಬ್ಬದಿಯಿಂದ ಹಿಂಡಿದವು. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರ ಕೊನೆಗೆ ಮೊಬೈಲ್ ಕರೆ ಸೇವೆ ನಿಲ್ಲಿಸಿತು. ಏರ್‌ಸೆಲ್ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಟೆಲಿನಾರ್ ಮತ್ತು ಟಾಟಾದ ಮೊಬೈಲ್ ವ್ಯವಹಾರ ಏರ್‌ಟೆಲ್ ಪಾಲಾದವು. 2018ರ ಆಗಸ್ಟ್‌ನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು.

ಉಳಿದದ್ದು ಮೂರು ಖಾಸಗಿ ಕಂಪನಿಗಳು ಮತ್ತು ಸರ್ಕಾರಿ ಬಿಎಸ್‌ಎನ್‌ಎಲ್. ಕೆಲವೇ ಮಾರಾಟಗಾರರು, ಪ್ರತಿಯೊಬ್ಬರೂ ಮತ್ತೊಬ್ಬರ ಹೆಜ್ಜೆ ನೋಡಿ ಹೆಜ್ಜೆ ಇಡುವ ಈ ಸ್ಥಿತಿಯೇ ಅಲ್ಪಸ್ವಾಮ್ಯ. ಇದರ ಗುರುತು ಹೇಗೆ? ದರ ಏರಿಕೆಯ ದಿನಾಂಕಗಳನ್ನು ನೋಡಿ. 2019ರ ಡಿಸೆಂಬರ್, 2021ರ ನವೆಂಬರ್ ಕೊನೆ, 2024ರ ಜುಲೈ ಮೊದಲ ವಾರ: ಮೂರೂ ಬಾರಿ ಮೂರೂ ಕಂಪನಿಗಳ ದರ ಕೆಲವೇ ದಿನಗಳ ಅಂತರದಲ್ಲಿ ಏರಿತು. ಒಳಒಪ್ಪಂದ ಇತ್ತು ಎಂದು ಇದರಿಂದ ಸಾಬೀತಾಗುವುದಿಲ್ಲ. ಮೂರೇ ಜನ ಇರುವಾಗ ಒಬ್ಬ ಏರಿಸಿದರೆ ಉಳಿದಿಬ್ಬರು ಅನುಸರಿಸುವುದು ಮಾತುಕತೆಯಿಲ್ಲದೆಯೂ ನಡೆಯುತ್ತದೆ. ಹತ್ತು ಜನರಿದ್ದಾಗ ಹಾಗೆ ನಡೆಯುವುದು ಕಷ್ಟ.

ಕಂಪನಿಗಳ ಮಾತನ್ನೂ ಕೇಳಬೇಕು. 2019ರ ಅಕ್ಟೋಬರ್ 24ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸರ್ಕಾರಕ್ಕೆ ಕೊಡಬೇಕಾದ ಭಾರೀ ಬಾಕಿ ತಲೆ ಮೇಲೆ ಬಂತು. ವೊಡಾಫೋನ್ ಐಡಿಯಾದ ಬಾಕಿಯ ಒಂದು ಭಾಗ ಷೇರಾಗಿ ಬದಲಾಗಿ, ಸರ್ಕಾರವೇ ಅದರ ದೊಡ್ಡ ಷೇರುದಾರನಾಯಿತು. 2022ರ 5ಜಿ ಹರಾಜಿಗೆ ಒಟ್ಟು ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿ ಬಿಡ್ ಬಂತು. ಈ ಸ್ಥಿರ ವೆಚ್ಚವನ್ನು ಯಾರಾದರೂ ತುಂಬಲೇಬೇಕು. ಪ್ರಶ್ನೆ ಇಷ್ಟೇ: ಯಾರು ಎಷ್ಟು ತುಂಬಬೇಕು?

ದಾದಿಮಾ ಲೆಕ್ಕ

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಲೆಕ್ಕಕ್ಕಾಗಿ 28 ದಿನದ ಅನ್‌ಲಿಮಿಟೆಡ್ ಪ್ಯಾಕ್ 200 ರೂಪಾಯಿ ಎಂದಿಟ್ಟುಕೊಳ್ಳಿ.

ದಿನಕ್ಕೆ 60 ನಿಮಿಷ ಮಾತಾಡುವವರು 28 ದಿನದಲ್ಲಿ 1,680 ನಿಮಿಷ ಮಾತಾಡುತ್ತಾರೆ. ಅವರಿಗೆ ನಿಮಿಷಕ್ಕೆ ಬೀಳುವ ಬೆಲೆ ಸುಮಾರು 12 ಪೈಸೆ. ದಿನಕ್ಕೆ 5 ನಿಮಿಷ ಮಾತಾಡುವ ದಾದಿಮಾ 140 ನಿಮಿಷ ಮಾತಾಡುತ್ತಾರೆ. ಅವರಿಗೆ ಬೀಳುವುದು ನಿಮಿಷಕ್ಕೆ 1 ರೂಪಾಯಿ 43 ಪೈಸೆ. ಒಂದೇ ಪ್ಯಾಕ್, ಹನ್ನೆರಡು ಪಟ್ಟು ವ್ಯತ್ಯಾಸ.

ಸೆಕೆಂಡಿಗೆ ಒಂದು ಪೈಸೆ, ಅಂದರೆ ನಿಮಿಷಕ್ಕೆ 60 ಪೈಸೆ ದರ ಇದ್ದಿದ್ದರೆ? ದಾದಿಮಾ ಖರ್ಚು 84 ರೂಪಾಯಿ. ಹೆಚ್ಚು ಮಾತಾಡುವವರ ಖರ್ಚು 1,008 ರೂಪಾಯಿ. ಎರಡೂ ಪದ್ಧತಿ ಸರಿಸಮವಾಗುವುದು ಸುಮಾರು 333 ನಿಮಿಷದಲ್ಲಿ, ಅಂದರೆ ದಿನಕ್ಕೆ 12 ನಿಮಿಷದ ಹತ್ತಿರ. ಅದಕ್ಕಿಂತ ಹೆಚ್ಚು ಮಾತಾಡುವವರಿಗೆ ಅನ್‌ಲಿಮಿಟೆಡ್ ಲಾಭ, ಕಡಿಮೆ ಮಾತಾಡುವವರಿಗೆ ನಷ್ಟ.

ಹಾಗಾದರೆ ದಾದಿಮಾ ಸಣ್ಣ ಪ್ಯಾಕ್ ಏಕೆ ಹಾಕಿಸಬಾರದು? ಸಣ್ಣ ಪ್ಯಾಕ್‌ಗಳು ಒಂದೊಂದಾಗಿ ಹಿಂದೆ ಸರಿದವು. ಒಂದು ಕಾಲದಲ್ಲಿ ‘ಲೈಫ್‌ಟೈಮ್’ ಸಿಮ್‌ಗಳಿದ್ದವು. ಕರೆನ್ಸಿ ಇಲ್ಲದಿದ್ದರೂ ಕರೆ ಬರುತ್ತಿತ್ತು. 2018ರ ಕೊನೆಗೆ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ 28 ದಿನಕ್ಕೆ 35 ರೂಪಾಯಿಯ ಕನಿಷ್ಠ ರೀಚಾರ್ಜ್ ತಂದವು. 2021ರ ನವೆಂಬರ್‌ನಲ್ಲಿ ಏರ್‌ಟೆಲ್‌ನ ಕನಿಷ್ಠ ಪ್ಯಾಕ್ 99 ರೂಪಾಯಿಯಾಯಿತು. 2023ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಹಲವು ವಲಯಗಳಲ್ಲಿ ಅದರ ಜಾಗಕ್ಕೆ 24 ದಿನದ, 155 ರೂಪಾಯಿಯ ಅನ್‌ಲಿಮಿಟೆಡ್ ಪ್ಯಾಕ್ ಬಂತು. ದಿನದ ಲೆಕ್ಕದಲ್ಲಿ ಮೂರೂವರೆ ರೂಪಾಯಿಯಿಂದ ಸುಮಾರು ಆರೂವರೆ ರೂಪಾಯಿಗೆ ಏರಿಕೆ. ಮಾತಾಡುವವರಿಗೆ ಅದು ಕೊಡುಗೆ. ಮಗನ ಕರೆಗಾಗಿ ಕಾಯುತ್ತ ಫೋನ್ ಜೀವಂತ ಇಟ್ಟುಕೊಳ್ಳುವವರಿಗೆ ಅದು ಬಾಗಿಲ ಸುಂಕ.

ವಿದ್ಯಾರ್ಥಿನಿಗೆ ಉತ್ತರ ಹೀಗೆ: ನೀವು ದುಡ್ಡು ಕೊಡುತ್ತಿರುವುದು ನಿಮಿಷಗಳಿಗಲ್ಲ, ಟವರಿಗೆ. ಟವರಿನ ಖರ್ಚನ್ನು ಬಳಕೆ ನೋಡದೆ ತಲೆಗಿಷ್ಟು ಎಂದು ಹಂಚಿದಾಗ, ಕಡಿಮೆ ಬಳಸುವ ದಾದಿಮಾ ಹೆಚ್ಚು ಬಳಸುವ ಮೊಮ್ಮಗಳ ಪಾಲಿನ ಒಂದಂಶವನ್ನೂ ಹೊರುತ್ತಾರೆ.

ನಿಯಂತ್ರಕರು ಏನು ಮಾಡಿದರು?

28 ದಿನದ ‘ತಿಂಗಳ’ ಲೆಕ್ಕ ಮಾಡಿ ನೋಡಿ. 365 ಅನ್ನು 28ರಿಂದ ಭಾಗಿಸಿದರೆ ಹದಿಮೂರು. ವರ್ಷಕ್ಕೆ ಹನ್ನೆರಡು ತಿಂಗಳು, ಆದರೆ ರೀಚಾರ್ಜ್ ಹದಿಮೂರು. 2022ರಲ್ಲಿ ಟ್ರಾಯ್, ಪ್ರತಿ ಕಂಪನಿಯೂ ಕನಿಷ್ಠ ಒಂದು 30 ದಿನದ ಪ್ಯಾಕ್ ಮತ್ತು ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸುವ ಒಂದು ಪ್ಯಾಕ್ ಕೊಡಲೇಬೇಕೆಂದು ಆದೇಶಿಸಿತು.

2024ರ ಡಿಸೆಂಬರ್‌ನಲ್ಲಿ ಇನ್ನೊಂದು ಹೆಜ್ಜೆ ಬಂತು. ಸುಮಾರು 15 ಕೋಟಿ ಜನ ಇನ್ನೂ 2ಜಿ ಫೋನ್ ಬಳಸುತ್ತಿದ್ದಾರೆ, ಡೇಟಾ ಬೇಡದವರು ಡೇಟಾಗೆ ಹಣ ಕೊಡುವಂತಾಗಬಾರದು ಎಂದು, ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಸೀಮಿತವಾದ ಪ್ಯಾಕ್ ಕಡ್ಡಾಯ ಮಾಡಿತು. 2025ರ ಜನವರಿಯಿಂದ ಅಂಥ ಪ್ಯಾಕ್‌ಗಳು ಬಂದವು. ಆದರೆ ಆಗ ಬಂದವುಗಳಲ್ಲಿ ಮುಖ್ಯವಾದವು 84 ದಿನ ಅಥವಾ ವರ್ಷದ ಆಸುಪಾಸಿನ ಅವಧಿಯವು. ಒಮ್ಮೆಲೇ ದೊಡ್ಡ ಮೊತ್ತ ಕೊಡಬೇಕು. ದಿನಗೂಲಿಯ ಮನೆಗೆ ಅದೂ ಸುಲಭವಲ್ಲ. ನಿಯಮ ಬಂದರೆ ಸಾಲದು. ಅದು ಇದೆಯೆಂದು ತಿಳಿದು, ಅಂಗಡಿಯಲ್ಲಿ ಕೇಳಿ ಪಡೆಯುವ ಗ್ರಾಹಕನೂ ಬೇಕು. ಆ ಕೆಲಸ ಮನೆಯಲ್ಲಿ ಓದಿದವರದು, ಅಂದರೆ ನಿಮ್ಮದು.

ನೆನಪಿನಲ್ಲಿಡಿ

1. ಅನ್‌ಲಿಮಿಟೆಡ್ ಎಂದರೆ ಬೆಲೆ ಇಲ್ಲವೆಂದಲ್ಲ. ಬೆಲೆ ನಿಮಿಷದಿಂದ ಪ್ರವೇಶ ಶುಲ್ಕಕ್ಕೆ ವರ್ಗವಾಗಿದೆ ಎಂದರ್ಥ.
2. ಸೀಮಾಂತ ವೆಚ್ಚ ಸೊನ್ನೆಯ ಹತ್ತಿರ, ಸ್ಥಿರ ವೆಚ್ಚ ಭಾರೀ ಇರುವ ಉದ್ಯಮದಲ್ಲಿ ಪೈಪೋಟಿ ತೀವ್ರವಾದರೆ ದರ ಕುಸಿಯುತ್ತದೆ, ದುರ್ಬಲ ಕಂಪನಿಗಳು ಮುಳುಗುತ್ತವೆ.
3. ಸ್ಪರ್ಧಿಗಳು ಕಡಿಮೆಯಾದ ಮೇಲೆ ನಿಮಿಷದ ದರ ಸೊನ್ನೆಯಾಗಿಯೇ ಉಳಿಯಬಹುದು. ಏರುವುದು ಪ್ರವೇಶ ಶುಲ್ಕ.
4. ಪ್ಯಾಕ್ ಹೋಲಿಸುವಾಗ ಮೊತ್ತ ನೋಡಬೇಡಿ, ದಿನದ ಬೆಲೆ ನೋಡಿ.

ಅಭ್ಯಾಸ

1. ನಿಮ್ಮ ಮನೆಯ ಎಲ್ಲ ಸಿಮ್‌ಗಳ ಪಟ್ಟಿ ಮಾಡಿ. ಪ್ಯಾಕಿನ ಬೆಲೆ, ದಿನಗಳು, ಕಾಲ್ ಹಿಸ್ಟರಿ ನೋಡಿ ಅಂದಾಜಿಸಿದ ನಿಮಿಷಗಳನ್ನು ಬರೆದು, ಪ್ರತಿಯೊಬ್ಬರಿಗೂ ನಿಮಿಷಕ್ಕೆ ಬೀಳುವ ಬೆಲೆ ಕಂಡುಹಿಡಿಯಿರಿ.
2. 2009ರ 60 ಪೈಸೆಯನ್ನು ಈಗಿನ 60 ಪೈಸೆಯೊಂದಿಗೆ ನೇರವಾಗಿ ಹೋಲಿಸುವುದು ಸರಿಯೇ? ಹಣದುಬ್ಬರದ ಪಾಠ ನೆನಪಿಸಿಕೊಂಡು ಉತ್ತರಿಸಿ.
3. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಬಿಎಸ್‌ಎನ್‌ಎಲ್ ಏರಿಸಲಿಲ್ಲ. ಲಕ್ಷಾಂತರ ಗ್ರಾಹಕರು ಅದರತ್ತ ಬಂದರು. ಅಲ್ಪಸ್ವಾಮ್ಯದ ಮಾರುಕಟ್ಟೆಯಲ್ಲಿ ಸರ್ಕಾರಿ ಕಂಪನಿಯ ಪಾತ್ರವೇನು? ಬೆಲೆಯ ಜೊತೆಗೆ ಸಿಗ್ನಲ್ ಗುಣಮಟ್ಟವನ್ನೂ ಗಮನಿಸಿ ಬರೆಯಿರಿ.

ಮೊದಲ ಪ್ರಶ್ನೆಯ ಉತ್ತರ ಬರೆದವರು ಅದನ್ನು ಅರ್ಥಶಾಸ್ತ್ರ ವಿಭಾಗಕ್ಕೆ ತಂದುಕೊಡಿ; ತರಗತಿಯ ಎಲ್ಲ ಮನೆಗಳ ಅಂಕಿಗಳನ್ನು ಒಟ್ಟು ಸೇರಿಸಿ ನೋಡೋಣ. ಅದಕ್ಕೂ ಮೊದಲು ಮನೆಯಲ್ಲಿರುವ ಹಿರಿಯರ ಫೋನ್ ಕೈಗೆತ್ತಿಕೊಂಡು, ಅವರಿಗೆ ಬೇಕಾದ ಪ್ಯಾಕ್ ಯಾವುದೆಂದು ಅವರ ಪಕ್ಕ ಕುಳಿತು ಲೆಕ್ಕ ಹಾಕಿ ಕೊಡಿ.